ಬಾಗಿಲಿಗೊಂದು ಹೆಸರಿನ ಹಲಗೆ



ದಾವಣಗೆರೆಯ ಒಂದು ಓಣಿಯಲ್ಲಿ ನಮ್ಮ ಕಲಿಕಾ ಕೇಂದ್ರ ಇದೆ. ಸಂಜೆ ಏಳು ಗಂಟೆಗೆ ಪಾಠ ಶುರು. ಹದಿನಾಲ್ಕು ಮಂದಿ ಬರುತ್ತಾರೆ. ಬೀಡಿ ಕಟ್ಟುವವರು ಇದ್ದಾರೆ. ಹೊಲಿಗೆ ಹಾಕುವವರು ಇದ್ದಾರೆ. ಮನೆಗೆಲಸಕ್ಕೆ ಹೋಗಿ ಬಂದು, ತಮ್ಮ ಮನೆಯ ಒಲೆ ಕೆಲಸ ಮುಗಿಸಿ, ಓಡೋಡಿ ಬರುವವರೂ ಇದ್ದಾರೆ. ಎಲ್ಲರಿಗಿಂತ ಹಿರಿಯರು ಮಂಡಕ್ಕಿ ಮಾರುವ ಅಕ್ಕ. ವಯಸ್ಸು ಅರವತ್ತರ ಹತ್ತಿರ. ಅಕ್ಷರ ಮಾತ್ರ ಮುತ್ತಿನ ಹಾಗೆ.

ಒಂದು ಸಂಜೆ ಆ ಅಕ್ಕ ಮುಖ ಸಣ್ಣದು ಮಾಡಿಕೊಂಡು ಬಂದರು. ಸ್ಲೇಟು ಮುಟ್ಟಲಿಲ್ಲ.

"ಏನಾಯ್ತಕ್ಕಾ?" ಅಂತ ಕೇಳಿದೆ.

"ಬ್ಯಾಂಕಿಗೆ ಹೋಗಿದ್ದೆ ಅಕ್ಕೋರೆ. ಎ.ಟಿ.ಎಂ. ಕಾರ್ಡು ಅಂಚೆಗೆ ಹಾಕಿದ್ರಂತೆ. ಅದು ವಾಪಸ್ ಹೋಗೈತಿ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ಬರದು ಕಳ್ಸ್ಯಾರಂತೆ. ನಾ ಇಲ್ಲೇ ಅದೀನಲ್ರೀ! ಮೂವತ್ತು ವರ್ಷ ಆತು ಈ ಓಣಿಗೆ ಬಂದು."

ಅಂಚೆಯವರದು ತಪ್ಪು ಅನ್ನೋಣವೇ? ಅವರು ಓಣಿಯ ಬಾಯಲ್ಲಿ ನಾಲ್ಕು ಮಂದಿಯನ್ನು ಕೇಳಿದ್ದರು. ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ಓಣಿಯಲ್ಲಿ ಆಕೆ ಮಂಡಕ್ಕಿ ಅಕ್ಕ. ಮಕ್ಕಳಿಗೆ ಮಂಡಕ್ಕಿ ಅಜ್ಜಿ. ಬೀಗರಿಗೆ ಇಂಥವನ ತಾಯಿ. ಗಂಡ ಇದ್ದಾಗ ಅವರೂ "ಏ, ಕೇಳಿಸ್ತೇನೇ" ಅಂತ ಕರೆಯುತ್ತಿದ್ದರಂತೆ. ಆಕೆಯ ಸ್ವಂತ ಹೆಸರು ಇದ್ದದ್ದು ಎರಡೇ ಕಡೆ. ಟ್ರಂಕಿನಲ್ಲಿಟ್ಟ ಕಾಗದಗಳಲ್ಲಿ. ಮತ್ತೆ ನಮ್ಮ ಹಾಜರಿ ಪುಸ್ತಕದಲ್ಲಿ.

ಮಾರನೆಯ ದಿನ ಆಕೆಯ ಮನೆಗೆ ಹೋದೆವು. ಬಾಗಿಲ ಮೇಲೆ ಒಂದು ಹಳೆ ತಗಡಿನ ಬೋರ್ಡು ಇತ್ತು. ಅದರಲ್ಲಿ ಗಂಡನ ಹೆಸರು. ಅವರು ತೀರಿಕೊಂಡು ಹನ್ನೊಂದು ವರ್ಷ ಆಗಿದೆ. ನಮ್ಮ ಹೊಲಿಗೆಯ ತಂಗಿ ಅಕ್ಷರ ಕೂಡಿಸಿ ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು.

"ಅಕ್ಕೋರೆ, ಇದ್ರಾಗ ಜಿಲ್ಲೆನೂ ತಪ್ಪು ಐತಿ! ಚಿತ್ರದುರ್ಗ ಜಿಲ್ಲೆ ಅಂತ ಬರದೈತಿ!"

ತಪ್ಪಲ್ಲ, ಹಳೆಯದು. 1997ರವರೆಗೆ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ಆ ವರ್ಷ ದಾವಣಗೆರೆ ಬೇರೆ ಜಿಲ್ಲೆ ಆಯಿತು. ಬೋರ್ಡು ಅದಕ್ಕೂ ಮೊದಲಿನದು.

ಅಕ್ಕ ಟ್ರಂಕು ತೆಗೆದರು. ಮನೆಯ ಹಕ್ಕುಪತ್ರ ಅವರ ಹೆಸರಿನಲ್ಲೇ ಇದೆ. ರೇಷನ್ ಕಾರ್ಡಿನಲ್ಲೂ ಅವರೇ ಯಜಮಾನಿ. 2013ರ ಆಹಾರ ಭದ್ರತಾ ಕಾಯ್ದೆ ಹಾಗೇ ಹೇಳುತ್ತದೆ. ರೇಷನ್ ಕಾರ್ಡಿನ ಮಟ್ಟಿಗೆ, ಮನೆಯಲ್ಲಿ ಹದಿನೆಂಟು ತುಂಬಿದ ಹೆಂಗಸರಲ್ಲಿ ಹಿರಿಯಳೇ ಕುಟುಂಬದ ಯಜಮಾನಿ. ಕಾಗದದಲ್ಲಿ ಎಲ್ಲಾ ಕಡೆ ಹೆಸರಿದೆ. ಬಾಗಿಲಲ್ಲಿ ಮಾತ್ರ ಇಲ್ಲ.

"ಹಂಗಾದ್ರ ಒಂದು ಬೋರ್ಡು ಮಾಡೋಣ್ರೀ" ಅಂದರು ಬೀಡಿ ಕಟ್ಟುವ ಅಕ್ಕ. "ಬರಿಯಾಕ ನಮಗ ಬರ್ತೈತಲ್ಲ!"

ಬರೆಯುವುದು ಬರುತ್ತದೆ, ನಿಜ. ಆದರೆ ಹಲಗೆ ಎಲ್ಲಿಂದ? ಅದನ್ನು ತೂಗುಹಾಕುವ ಕೊಂಡಿ, ಸರಪಳಿ ಎಲ್ಲಿಂದ? ಕೊಂಡರೆ ದುಡ್ಡು. ನಾವೇ ಮಾಡಿದೆವು. ಹೇಗೆ ಮಾಡಿದೆವು ಎಂಬುದೇ ಈ ಪಾಠ.

ಹಲಗೆ

ಮರದ ಅಂಗಡಿಯಲ್ಲಿ, ಸಾಮಿಲ್ಲಿನಲ್ಲಿ ತುಂಡು ಹಲಗೆ ಉಳಿದಿರುತ್ತದೆ. ಒಲೆಗೆ ಹಾಕುವ ಬೆಲೆಗೆ ಕೊಡುತ್ತಾರೆ. ನಮಗೆ ಬೇವಿನ ತುಂಡು ಸಿಕ್ಕಿತು. ಬೇವು ಒಳ್ಳೆಯದೇ. ಕಹಿ ಮರ, ಹುಳ ಬೇಗ ಹತ್ತುವುದಿಲ್ಲ. ಸಾಗುವಾನಿ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ತುಂಡಿಗೂ ಬೆಲೆ ಹೆಚ್ಚು. ಮಾವಿನ ಹಲಗೆ ಅಗ್ಗ, ಹುಳ ಮಾತ್ರ ಬೇಗ ಬರುತ್ತದೆ. ಜಾಲಿ ಬಲು ಗಟ್ಟಿ. ತೂತು ಹಾಕುವಷ್ಟರಲ್ಲಿ ಕೈ ಸೋಲುತ್ತದೆ.

ಹಲಗೆ ಒಣಗಿರಬೇಕು. ಬೆರಳಿನ ಗೆಣ್ಣಿನಿಂದ ಬಡಿದು ನೋಡಿ. ಒಣಗಿದ ಹಲಗೆ ಟಣ್ ಅನ್ನುತ್ತದೆ. ಹಸಿ ಹಲಗೆ ದಪ್ಪಗೆ ಸದ್ದು ಮಾಡುತ್ತದೆ. ಹಸಿಯದನ್ನು ತಂದರೆ ಆಮೇಲೆ ಒಣಗುತ್ತಾ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ನಮ್ಮ ಹಲಗೆಯ ಅಳತೆ ಹೀಗೆ: ಉದ್ದ 12 ಇಂಚು, ಅಗಲ 5 ಇಂಚು, ದಪ್ಪ ಮುಕ್ಕಾಲು ಇಂಚು. ತೂಕ ಸುಮಾರು ಅರ್ಧ ಕಿಲೋ. ಈ ತೂಕ ನೆನಪಿಡಿ, ಮುಂದೆ ಲೆಕ್ಕಕ್ಕೆ ಬೇಕು. ಬಡಗಿಯವರ ಹತ್ತಿರ ಒಂದು ಸಲ ಹೆರೆಸಿಕೊಂಡೆವು. ಆಮೇಲೆ ಉಪ್ಪುಕಾಗದದಿಂದ ನಾವೇ ಉಜ್ಜಿದೆವು. ಮರದ ಎಳೆ ಯಾವ ಕಡೆ ಹೋಗಿದೆಯೋ ಆ ಕಡೆಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಒರಟು ಕಾಗದ, ಆಮೇಲೆ ನಯ ಕಾಗದ.

ಮೇಲಿನ ಎರಡು ಮೂಲೆಯಲ್ಲಿ ಎರಡು ತೂತು ಬೇಕು. ಅಂಚಿನಿಂದ ಒಂದು ಇಂಚು ಒಳಗೆ. ತೀರಾ ಅಂಚಿಗೆ ಹಾಕಿದರೆ ಹಲಗೆ ಸೀಳುತ್ತದೆ. ತೂತಿನ ಅಗಲ ಕಾಲು ಇಂಚು. ಇದನ್ನು ಬಡಗಿಯವರೇ ಡ್ರಿಲ್ ಹಿಡಿದು ಎರಡು ನಿಮಿಷದಲ್ಲಿ ಹಾಕಿಕೊಟ್ಟರು.

ಹರಿಹರಕ್ಕೆ ಹೋದದ್ದು

ಕೊಂಡಿ, ಸರಪಳಿ ಮಾಡುವುದು ನನಗೂ ಗೊತ್ತಿರಲಿಲ್ಲ. ನಾನು ಓದಿದ್ದು ಟಿ.ಸಿ.ಎಚ್. ಅಲ್ಲಿ ಕಾಗದದ ದೋಣಿ, ಮಣ್ಣಿನ ಹಣ್ಣು ಮಾಡುವುದು ಹೇಳಿಕೊಟ್ಟಿದ್ದರು. ಕಬ್ಬಿಣದ ಕೆಲಸ ಹೇಳಿಕೊಟ್ಟಿರಲಿಲ್ಲ.

ಹೊಲಿಗೆಯ ತಂಗಿಯ ದೊಡ್ಡಪ್ಪ ಹರಿಹರದಲ್ಲಿದ್ದಾರೆ. ಲೇತ್ ಯಂತ್ರದ ಮೇಲೆ ದುಡಿದು ವಯಸ್ಸಾದವರು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿತ್ತು. ಲೇತ್ ಯಂತ್ರಗಳನ್ನೇ ತಯಾರು ಮಾಡುತ್ತಿತ್ತು. ಈಗ ಅದು ಮುಚ್ಚಿದೆ. ಆದರೆ ಕಬ್ಬಿಣ ಕೊರೆಯುವ, ತಿರುಗಿಸುವ ಕೈಗಳು ಆ ಊರಲ್ಲಿ ಇನ್ನೂ ಇವೆ.

ಒಂದು ಭಾನುವಾರ ಏಳು ಮಂದಿ ಹೊರಟೆವು. ಸುಮಾರು 14 ಕಿಲೋಮೀಟರು ದಾರಿ. ಬಸ್ಸಿನ ಬೋರ್ಡನ್ನು ನಾನು ಓದಲಿಲ್ಲ, ಅವರೇ ಓದಿದರು. ಹ-ರಿ-ಹ-ರ. ಒತ್ತು ಇಲ್ಲ, ದೀರ್ಘ ಇಲ್ಲ. ಇಷ್ಟು ಸುಲಭದ ಊರು ಇನ್ನೊಂದಿಲ್ಲ ಅಂತ ನಕ್ಕರು.

ಮೊದಲು ಹರಿಹರೇಶ್ವರ ಗುಡಿಗೆ ಹೋದೆವು. ತುಂಗಭದ್ರೆಯ ದಡದ ಊರು ಅದು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, ಪೋಲಾಳ್ವ ಎಂಬ ಮಂತ್ರಿ ಆ ಗುಡಿ ಕಟ್ಟಿಸಿದ. ಅದು 1224ರ ಹೊತ್ತಿಗೆ. ಅಂದರೆ ಎಂಟು ನೂರು ವರ್ಷ. ಗುಡಿಯ ಶಾಸನದ ಕಲ್ಲುಗಳಲ್ಲಿ ಹಳೆಯ ಕನ್ನಡ ಅಕ್ಷರಗಳಿವೆ. ನಮ್ಮವರು ಬೆರಳಿಟ್ಟು ಹುಡುಕಿದರು. ಒಂದೆರಡು ಅಕ್ಷರ ಗುರುತು ಸಿಕ್ಕವು. ಉಳಿದವು ಸಿಗಲಿಲ್ಲ. ನನಗೂ ಸಿಗಲಿಲ್ಲ.

ಮಂಡಕ್ಕಿ ಅಕ್ಕ ಕೇಳಿದರು: "ಕಟ್ಟಿಸಿದವರ ಹೆಸರು ಇಷ್ಟು ವರ್ಷ ಉಳಿದೈತಿ. ಕಲ್ಲು ಒಡದವರ ಹೆಸರು ಐತೇನ್ರೀ ಇದ್ರಾಗ?"

ನನಗೆ ಉತ್ತರ ಹೊಳೆಯಲಿಲ್ಲ. ದೊಡ್ಡಪ್ಪನ ಮನೆಗೆ ನಡೆದೆವು.

ಉಂಗುರ, ಸರಪಳಿ, ಕೊಂಡಿ

ದೊಡ್ಡಪ್ಪ ಒಂದು ಸುರುಳಿ ತಂತಿ ತಂದು ಮುಂದಿಟ್ಟರು. ಸತುವಿನ ಲೇಪ ಇರುವ ಕಬ್ಬಿಣದ ತಂತಿ. ಜಿ.ಐ. ತಂತಿ ಅಂದರೆ ಅಂಗಡಿಯಲ್ಲಿ ಕೊಡುತ್ತಾರೆ. ದಪ್ಪ 3 ಮಿಲಿಮೀಟರು. ಎರಡು ಮೀಟರ್ ಸಾಕು. ಲೇಪ ಇರುವುದರಿಂದ ಮಳೆಗೆ ಬೇಗ ತುಕ್ಕು ಹಿಡಿಯುವುದಿಲ್ಲ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಒಟ್ಟಿಗೆ ತಾಗಿದರೆ ತುಕ್ಕು. ಸತು ಆ ಎರಡನ್ನೂ ತಡೆಯುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಎರಡು ಇಕ್ಕಳ, ಅಂದರೆ ಕಟಿಂಗ್ ಪ್ಲೇಯರು. ಒಂದು ಹ್ಯಾಕ್ಸಾ ಬ್ಲೇಡು. ಒಂದು ಸುತ್ತಿಗೆ. ಒಂದು ಅರ. ಮತ್ತೆ ನಿಮ್ಮ ಕಿರುಬೆರಳಿನಷ್ಟು ದಪ್ಪದ ನುಣುಪಾದ ಒಂದು ಸರಳು. ಮನೆ ಕಟ್ಟುವ ಗೀರಿನ ಸರಳು ಬೇಡ, ತಂತಿ ಅದರಿಂದ ಜಾರಿ ಬರುವುದಿಲ್ಲ.

ಸರಳಿಗೆ ತಂತಿಯನ್ನು ಒತ್ತೊತ್ತಾಗಿ ಸುತ್ತಬೇಕು. ಕೈಗೆ ಬಳೆ ಏರಿಸಿದ ಹಾಗೆ, ಒಂದರ ಪಕ್ಕ ಒಂದು. ಸುತ್ತಿದ ಮೇಲೆ ಸ್ಪ್ರಿಂಗಿನ ಹಾಗೆ ಕಾಣುತ್ತದೆ. ಅದನ್ನು ಸರಳಿನಿಂದ ಜಾರಿಸಿ, ಉದ್ದಕ್ಕೆ ಒಂದೇ ಗೆರೆಯಲ್ಲಿ ಬ್ಲೇಡಿನಿಂದ ಕೊಯ್ಯಬೇಕು. ಒಂದೊಂದೇ ಉಂಗುರ ಉದುರುತ್ತದೆ. ನಮ್ಮ ಬೀಡಿ ಅಕ್ಕ ಸುತ್ತಿದ್ದನ್ನು ನೋಡಿ ದೊಡ್ಡಪ್ಪ ಸುಮ್ಮನಾಗಿಬಿಟ್ಟರು. ದಿನಕ್ಕೆ ನೂರಾರು ಬೀಡಿ ಸುತ್ತುವ ಬೆರಳು! ಒಂದು ಸುತ್ತೂ ಸಡಿಲ ಇರಲಿಲ್ಲ.

ತಂತಿ ಕತ್ತರಿಸುವಾಗ ತುದಿ ಚಿಮ್ಮುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಮೇಲೆ ಒಂದು ಬಟ್ಟೆ ಹಿಡಿದು ಕತ್ತರಿಸಿ. ಮಕ್ಕಳನ್ನು ದೂರ ಕೂರಿಸಿ. ಕೊಯ್ದ ತುದಿಗಳನ್ನು ಅರದಿಂದ ತೀಡಿ, ಚೂಪು ಇರಬಾರದು.

ಈಗ ಉಂಗುರಗಳನ್ನು ಕೂಡಿಸಬೇಕು. ಇಲ್ಲಿ ಎಲ್ಲರೂ ತಪ್ಪುತ್ತೇವೆ. ಉಂಗುರದ ಬಾಯನ್ನು ಎರಡೂ ಕಡೆ ಜಗ್ಗಿ ಅಗಲ ಮಾಡುತ್ತೇವೆ. ಹಾಗೆ ಮಾಡಿದರೆ ಮತ್ತೆ ಅದು ದುಂಡಗೆ ಆಗುವುದೇ ಇಲ್ಲ. ಎರಡು ಇಕ್ಕಳದಲ್ಲಿ ಎರಡು ತುದಿ ಹಿಡಿಯಿರಿ. ಒಂದು ತುದಿ ಮುಂದಕ್ಕೆ ತಿರುಗಿಸಿ, ಇನ್ನೊಂದು ಹಿಂದಕ್ಕೆ. ಸಂದಿಯಲ್ಲಿ ಮುಂದಿನ ಉಂಗುರ ಸೇರಿಸಿ. ಹಾಗೇ ವಾಪಸ್ಸು ತಿರುಗಿಸಿ ಮುಚ್ಚಿ. ಬಾಯಿ ಪೂರ್ತಿ ಕೂಡಬೇಕು. ಕೂದಲೆಳೆ ಸಂದಿಯೂ ಇರಬಾರದು.

ಹದಿನೆಂಟು ಉಂಗುರ ಸೇರಿದರೆ ಸುಮಾರು 7 ಇಂಚು ಉದ್ದದ ಸರಪಳಿ. ಅಂಥವು ಎರಡು ಬೇಕು. ಮೂವತ್ತಾರು ಉಂಗುರಕ್ಕೆ ಒಂದೂವರೆ ಮೀಟರ್ ತಂತಿ ಹೋಗುತ್ತದೆ. ಎರಡೂ ಸರಪಳಿ ಮೇಲೆ ಕೂಡುವ ಕಡೆ ಒಂದು ದೊಡ್ಡ ಉಂಗುರ.

"ಇದು ತೊಟ್ಟಿಲ ಸರಪಳಿನೇ ಅಲ್ಲೇನ್ರೀ!" ಅಂದರು ಮಂಡಕ್ಕಿ ಅಕ್ಕ.

ಹೌದು, ಅದೇ. ತೊಟ್ಟಿಲಿನ ಸರಪಳಿಗೆ ಕಮ್ಮಾರರು ಉಂಗುರದ ಬಾಯಿಯನ್ನು ಕಾಸಿ ಬೆಸೆಯುತ್ತಾರೆ. ಮಗುವಿನ ಭಾರ, ಅದಕ್ಕೆ. ನಮ್ಮದಕ್ಕೆ ಬೆಸುಗೆ ಇಲ್ಲ. ಹಲಗೆಗೆ ಇಷ್ಟು ಸಾಕು, ತೊಟ್ಟಿಲಿಗೆ ಖಂಡಿತ ಸಾಲದು.

ಇನ್ನು ಹಲಗೆಗೆ ಹಾಕುವ ಕೊಂಡಿ. ಹಳೆ ಮನೆಯ ದೊಡ್ಡ ಬಾಗಿಲು ನೋಡಿದ್ದೀರಲ್ಲ? ಮುಂದೆ ಬಳೆ ಇರುತ್ತದೆ. ಅದನ್ನು ಹಿಡಿದ ಕೊಂಡಿಯ ಎರಡು ಕಾಲು ಬಾಗಿಲನ್ನು ತೂರಿ ಹಿಂದೆ ಹೋಗಿರುತ್ತವೆ. ಹಿಂದೆ ಆ ಕಾಲುಗಳನ್ನು ಆ ಕಡೆ ಒಂದು, ಈ ಕಡೆ ಒಂದು ಮಡಚಿ ಬಡಿದಿರುತ್ತಾರೆ. ನೂರು ವರ್ಷ ಜಗ್ಗಿದರೂ ಬರುವುದಿಲ್ಲ. ನಾವೂ ಹಾಗೇ ಮಾಡಿದೆವು. 6 ಇಂಚು ತಂತಿ ಕತ್ತರಿಸಿ. ನಡುವೆ ಸರಳಿಟ್ಟು ಮಡಚಿ. ತಲೆಯಲ್ಲಿ ಉಂಗುರ, ಕೆಳಗೆ ಎರಡು ಕಾಲು, ಹೀಗಾಗುತ್ತದೆ. ಕಾಲುಗಳನ್ನು ಜೋಡಿಸಿ ಹಲಗೆಯ ತೂತಿನಲ್ಲಿ ಮುಂದಿನಿಂದ ತೂರಿಸಿ. ಹಿಂದೆ ಬಂದ ಕಾಲುಗಳನ್ನು ಬೇರೆ ಬೇರೆ ದಿಕ್ಕಿಗೆ ಮಡಚಿ. ತುದಿಯನ್ನು ಮತ್ತೆ ಒಳಕ್ಕೆ ಬಾಗಿಸಿ ಸುತ್ತಿಗೆಯಿಂದ ಮರಕ್ಕೆ ಇಳಿಸಿ. ಇಲ್ಲವಾದರೆ ಗೋಡೆಯ ಸುಣ್ಣ ಕೆರೆಯುತ್ತದೆ, ಬೆರಳಿಗೂ ಚುಚ್ಚುತ್ತದೆ.

ಬೆಂಕಿಯ ಕೆಲಸ

ಗೋಡೆಯ ಕಡೆಗೆ ಒಂದು ಕೊಕ್ಕೆ ಬೇಕು. ಅದಕ್ಕೆ 4 ಇಂಚಿನ ಮೊಳೆ ತೆಗೆದುಕೊಂಡೆವು. ದಪ್ಪ ಮೊಳೆ ಹಾಗೇ ಬಗ್ಗುವುದಿಲ್ಲ. ಕೆಂಪಗೆ ಕಾಯಿಸಿದರೆ ಮೇಣದಂತೆ ಬಗ್ಗುತ್ತದೆ. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಗೆ ಹಿಡಿದರೂ ಆಗುತ್ತದೆ. ಕೆಂಪಾದ ಕೂಡಲೇ ಕಲ್ಲಿನ ಮೇಲಿಟ್ಟು ಬಗ್ಗಿಸಿ. ಕೆಂಪು ಹೋದರೆ ಮತ್ತೆ ಕಾಯಿಸಿ. ನೀರಿಗೆ ಅದ್ದಬೇಡಿ. ತಾನಾಗಿ ಆರಲಿ.

ಇಲ್ಲಿ ಮೂರು ಮಾತು. ಇವನ್ನು ಎರಡೆರಡು ಸಲ ಓದಿ.

ಮೊದಲನೆಯದು: ಸತು ಲೇಪದ ಜಿ.ಐ. ತಂತಿಯನ್ನು ಎಂದೂ ಬೆಂಕಿಗೆ ಹಿಡಿಯಬೇಡಿ. ಸತು ಸುಟ್ಟ ಹೊಗೆ ಕುಡಿದರೆ ಚಳಿಜ್ವರ, ಕೆಮ್ಮು ಬರುತ್ತದೆ. ತಂತಿಯನ್ನು ತಣ್ಣಗಿರುವಾಗಲೇ ಬಗ್ಗಿಸಬೇಕು. ಬೆಂಕಿಗೆ ಲೇಪ ಇಲ್ಲದ ಬರಿ ಮೊಳೆ ಮಾತ್ರ.

ಎರಡನೆಯದು: ಕಬ್ಬಿಣ ಕೆಂಪು ಬಿಟ್ಟು ಕಪ್ಪಾದರೆ ಆರಿತು ಅಂತ ಅರ್ಥವಲ್ಲ. ಕಪ್ಪಗಿರುವಾಗಲೂ ಚರ್ಮ ಕಿತ್ತು ಬರುವಷ್ಟು ಬಿಸಿ ಇರುತ್ತದೆ. ಅಪ್ಪಿತಪ್ಪಿ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಅರಿಶಿಣ, ಶಾಯಿ, ಹಲ್ಲಿನ ಪೇಸ್ಟು ಏನೂ ಬಳಿಯಬೇಡಿ.

ಮೂರನೆಯದು: ಆ ದಿನ ನೈಲಾನ್ ಸೀರೆ ಬೇಡ. ಹತ್ತಿ ಸೀರೆ ಉಡಿ. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ.

ಕೊಕ್ಕೆ ಆರುತ್ತಾ ಬಂದು, ಒಂದು ಹನಿ ನೀರು ಹಾಕಿದರೆ ಚುಯ್ ಅನ್ನುವಷ್ಟು ಬಿಸಿ ಇರುವಾಗ, ಅಗಸೆ ಎಣ್ಣೆಯ ಬಟ್ಟೆಯಿಂದ ಒರೆಸಿ. ಬಟ್ಟೆಯನ್ನು ಇಕ್ಕಳದಲ್ಲೇ ಹಿಡಿಯಿರಿ. ಹೊಗೆ ಬರುತ್ತದೆ, ಅಂಗಳದಲ್ಲಿ ಮಾಡಿ. ಕೊಕ್ಕೆಗೆ ಕಪ್ಪು ಪದರ ಕೂರುತ್ತದೆ. ದೋಸೆ ಹಂಚು ಎಣ್ಣೆ ಕುಡಿದು ಕಪ್ಪಗೆ ಹೊಳೆಯುವುದಿಲ್ಲವೇ, ಹಾಗೆ. ಬೆಣ್ಣೆ ದೋಸೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಷರ

ಊರಿಗೆ ಬಂದ ಮೇಲೆ ಅಕ್ಷರದ ಕೆಲಸ. ಅಕ್ಕನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಬಾಗಿಲ ಮೇಲಿದೆ, ಅಲ್ಲೇ ಹೋಗಿ ಓದಿ. ಇಲ್ಲಿ ಲೆಕ್ಕಕ್ಕೆ 'ಗಂಗಮ್ಮ' ಎಂಬ ಹೆಸರು ಇಟ್ಟುಕೊಳ್ಳೋಣ.

ಹಲಗೆ 12 ಇಂಚು. ಎರಡೂ ಬದಿಯಲ್ಲಿ ಕೊಂಡಿಗೆ 2 ಇಂಚು ಬಿಡಿ. ಉಳಿದದ್ದು 8 ಇಂಚು. ಗ, ಸೊನ್ನೆ, ಗ, ಮ್ಮ. ನಾಲ್ಕು ಜಾಗ. ತಲಾ 2 ಇಂಚು. ಆದರೆ ಸೊನ್ನೆಗೆ ಅಷ್ಟು ಬೇಡ, ಒಂದೂವರೆ ಸಾಕು. ಉಳಿದ ಅರ್ಧ ಇಂಚನ್ನು ಮ್ಮ-ಗೆ ಕೊಡಿ. ಅದು ತುಂಬಿದ ಸಂಸಾರ, ಜಾಗ ಹೆಚ್ಚು ಬೇಕು.

ಮೇಲಿನಿಂದ ಕೆಳಗೆ 5 ಇಂಚು. ಮೇಲೆ ಒಂದು ಇಂಚು ಖಾಲಿ. ಆಮೇಲೆ 2 ಇಂಚು ಅಕ್ಷರ. ಅದರ ಕೆಳಗೆ ಒಂದು ಇಂಚು ಒತ್ತಕ್ಷರಕ್ಕೆ. ಕೊನೆಗೆ ಒಂದು ಇಂಚು ಖಾಲಿ. ಹೊಸದಾಗಿ ಬೋರ್ಡು ಬರೆಯುವವರು ಒತ್ತಿಗೆ ಜಾಗ ಬಿಡುವುದನ್ನು ಮರೆಯುತ್ತಾರೆ. ಆಮೇಲೆ ಒತ್ತನ್ನು ಇರುಕಿ ಸಣ್ಣದು ಮಾಡುತ್ತಾರೆ. ನಮ್ಮ ಹೆಣ್ಣುಮಕ್ಕಳ ಹೆಸರಲ್ಲಿ ಅಮ್ಮ, ಅವ್ವ, ಅಕ್ಕ ತುಂಬಾ. ಒತ್ತು ಇಲ್ಲದೆ ನಡೆಯುವುದಿಲ್ಲ.

ಮೊದಲು ಪೆನ್ಸಿಲಿನಲ್ಲಿ ಬರೆಯಿರಿ. ದೂರ ನಿಂತು ನೋಡಿ. ಮನೆಯ ಇನ್ನೊಬ್ಬರಿಂದ ಓದಿಸಿ. ಸರಿ ಎನಿಸಿದ ಮೇಲೆ ಗೆರೆಯ ಮೇಲೆ ಚುಕ್ಕಿ ಇಡಿ, ರಂಗೋಲಿಗೆ ಇಟ್ಟ ಹಾಗೆ. ಚುಕ್ಕಿಗೂ ಚುಕ್ಕಿಗೂ ನಡುವೆ ಒಂದು ಜೋಳದ ಕಾಳಿನಷ್ಟು ಜಾಗ. ಆಮೇಲೆ ಕಾದ ಮೊಳೆಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಒಂದೊಂದು ಚುಕ್ಕಿಯ ಮೇಲೆ ಒತ್ತಿ. ಮರ ಸುಟ್ಟು ಕಪ್ಪು ಚುಕ್ಕಿ ಆಗುತ್ತದೆ. ಮೊಳೆ ಬೇಗ ಆರುತ್ತದೆ, ಮೂರು ಮೊಳೆ ಇಟ್ಟುಕೊಳ್ಳಿ. ಒಂದು ಕೈಯಲ್ಲಿ, ಎರಡು ಒಲೆಯಲ್ಲಿ. ಬಣ್ಣವಾದರೆ ಬಿಸಿಲಿಗೆ ಏಳುತ್ತದೆ. ಸುಟ್ಟ ಅಕ್ಷರ ಏಳುವುದಿಲ್ಲ. ತಪ್ಪಿದರೆ ತಿದ್ದಲೂ ಬರುವುದಿಲ್ಲ, ಅದು ಬೇರೆ ಮಾತು.

ಕೊನೆಗೆ ಹಲಗೆಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ. ಒಂದು ಸಲ ಹಚ್ಚಿ ಕೆಲವು ದಿನ ಒಣಗಲು ಬಿಟ್ಟು ಮತ್ತೆ ಹಚ್ಚಿ. ಶೇಂಗಾ ಎಣ್ಣೆ, ಹರಳೆಣ್ಣೆ ಬೇಡ. ಅವು ಒಣಗುವುದಿಲ್ಲ, ಧೂಳು ಅಂಟುತ್ತದೆ. ಅಗಸೆ ಎಣ್ಣೆ ಒಣಗಿ ತೆಳುವಾದ ಪೊರೆ ಆಗುತ್ತದೆ. ಆದರೆ ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಮುದ್ದೆಯೊಳಗೆ ತಾನೇ ಬಿಸಿ ಏರಿ ಬೆಂಕಿ ಹತ್ತಬಹುದು. ಹೊರಗೆ ಹರವಿ ಒಣಗಿಸಿ.

ಎಣ್ಣೆ ಹಚ್ಚದೆ ಮಳೆಗೆ ಬಿಟ್ಟರೆ ಇನ್ನೊಂದು ತೊಂದರೆ ಇದೆ. ಲೇಪ ಹೋದ ಕಬ್ಬಿಣದ ಸುತ್ತ ಹಲಗೆ ಕಪ್ಪಾಗುತ್ತದೆ. ಅದು ಕೊಳೆ ಅಲ್ಲ. ಮರದ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನವರು ಅಳಲೆಕಾಯಿಯ ಒಗರಿಗೆ ಕಬ್ಬಿಣದ ಅಂಶ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ.

ತೂಗುಹಾಕುವುದು

ಇದನ್ನು ನಾನು ಕೆಟ್ಟು ಕಲಿತೆ. ಅಕ್ಕನ ಹಲಗೆಗಿಂತ ಮೊದಲು ನಮ್ಮ ಕೇಂದ್ರಕ್ಕೊಂದು ಹಲಗೆ ಮಾಡಿ ನೋಡಿದ್ದೆವು. ಗೋಡೆಯ ಗಾರೆಗೆ ನಾನೇ ಒಂದು ಸಣ್ಣ ಮೊಳೆ ಹೊಡೆದೆ. ಮೂರನೆಯ ದಿನ ಪಾಠದ ನಡುವೆ ಮೊಳೆ ಗಾರೆ ಸಮೇತ ಕಿತ್ತು ಬಂತು. ಹಲಗೆ ಸ್ಲೇಟುಗಳ ಮೇಲೆ ಬಿತ್ತು. ಎರಡು ಸ್ಲೇಟು ಚೂರು. ಐದು ನಿಮಿಷ ಮೊದಲು ಅಲ್ಲಿ ಒಂದು ಮಗು ಮಲಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಾರೆ ಅಂದರೆ ಗೋಡೆಯ ಚರ್ಮ. ಅದು ಭಾರ ಹೊರುವುದಿಲ್ಲ. ಬಾಗಿಲ ಚೌಕಟ್ಟು ಮರದ್ದಿದ್ದರೆ ಅದಕ್ಕೇ ಕೊಕ್ಕೆ ಹೊಡೆಯಿರಿ. ಮೊದಲು ಮೊಳೆಗಿಂತ ಸ್ವಲ್ಪ ಸಣ್ಣ ತೂತು ಹಾಕಿ, ಆಮೇಲೆ ಹೊಡೆದರೆ ಮರ ಸೀಳುವುದಿಲ್ಲ. ಗೋಡೆಗೇ ಬೇಕಾದರೆ ಇಟ್ಟಿಗೆಯೊಳಗೆ ಎರಡು ಇಂಚು ಆಳ ತೂತು ಹಾಕಿಸಿ, ಒಣಗಿದ ಮರದ ಗೂಟ ಬಡಿದು, ಆ ಗೂಟಕ್ಕೆ ಕೊಕ್ಕೆ ಹೊಡೆಯಬೇಕು. ಬಾಡಿಗೆ ಮನೆಯವರು ಮಾಲೀಕರನ್ನು ಒಂದು ಮಾತು ಕೇಳಿ. ಇಲ್ಲವೇ ಬಾಗಿಲ ಪಕ್ಕದ ಕಿಟಕಿ ಸರಳಿಗೆ ತೂಗುಹಾಕಿ.

ಎರಡನೆಯ ಸಲ ಗೂಟಕ್ಕೆ ಹೊಡೆದೆ. ಆದರೆ ಸರಪಳಿಯ ಬದಲು ಸೆಣಬಿನ ದಾರ ಕಟ್ಟಿದೆ. ದಾರ ಗಿಡ್ಡ ಇತ್ತು, ಬಿಗಿಯಾಗಿ ಎಳೆದು ಕಟ್ಟಿದೆ. ಅದೂ ಹರಿಯಿತು. ಯಾಕೆ ಗೊತ್ತೇ? ಬಟ್ಟೆ ಒಣಹಾಕುವ ಹಗ್ಗ ನೆನಪು ಮಾಡಿಕೊಳ್ಳಿ. ಸಡಿಲ ಇದ್ದರೆ ಹಸಿ ಸೀರೆ ಹಾಕಿದರೂ ತಾಳುತ್ತದೆ. ಬಿಗಿದು ಕಟ್ಟಿದರೆ ಅದೇ ಸೀರೆಗೆ ಗೂಟವೇ ಬಗ್ಗುತ್ತದೆ. ಇಲ್ಲೂ ಅದೇ. ನಮ್ಮ ಎರಡು ತೂತುಗಳ ನಡುವೆ 10 ಇಂಚು ಇದೆ. ಕೊಕ್ಕೆ ಅವುಗಳಿಗಿಂತ 5 ಇಂಚು ಮೇಲಿದ್ದರೆ, ಅರ್ಧ ಕಿಲೋ ಹಲಗೆ ಒಂದೊಂದು ಸರಪಳಿಯನ್ನು ಸುಮಾರು 350 ಗ್ರಾಮಿನಷ್ಟು ಎಳೆಯುತ್ತದೆ. ಕೊಕ್ಕೆ ಒಂದೇ ಇಂಚು ಮೇಲಿದ್ದರೆ ಅದೇ ಹಲಗೆ ಒಂದೂಕಾಲು ಕಿಲೋಗಿಂತ ಹೆಚ್ಚಿಗೆ ಎಳೆಯುತ್ತದೆ! ಅದಕ್ಕೇ ಸರಪಳಿ 7 ಇಂಚು ಉದ್ದ ಮಾಡಿದ್ದು.

ಹಲಗೆ ಹಾಕುವ ಮೊದಲು ಕೊಕ್ಕೆ, ಸರಪಳಿ ಪರೀಕ್ಷೆ ಮಾಡಿ. ಐದು ಲೀಟರ್ ನೀರಿನ ಬಿಂದಿಗೆಯನ್ನು ಒಂದು ರಾತ್ರಿ ಅದಕ್ಕೆ ತೂಗುಹಾಕಿ. ನೆಲದಿಂದ ಒಂದು ಗೇಣು ಮೇಲೆ ಇರಲಿ, ಉದ್ದಕ್ಕೆ ಹಗ್ಗ ಕಟ್ಟಿಕೊಳ್ಳಿ. ಬೆಳಿಗ್ಗೆ ಒಂದು ಉಂಗುರವೂ ಬಾಯಿ ಬಿಟ್ಟಿರಬಾರದು. ನಮ್ಮದರಲ್ಲಿ ಒಂದು ಬಿಟ್ಟಿತ್ತು. ಅದನ್ನು ನಾನು ಮುಚ್ಚಿದ್ದೆ ಅಂತ ಎಲ್ಲರೂ ಹೇಳಿದರು. ಇರಬಹುದು.

ಎರಡು ಹೆಸರು

ಹಲಗೆ ಸಿದ್ಧವಾಯಿತು. ಅಕ್ಕನ ಮಗ ಸಂಜೆ ಕೆಲಸದಿಂದ ಬಂದ. ತಗಡಿನ ಬೋರ್ಡು ಕೆಳಗಿಳಿದಿದ್ದನ್ನು ಕಂಡು ಅವನ ಮುಖ ಕೆಂಪಾಯಿತು.

"ಅಪ್ಪನ ಹೆಸರು ತಗದು ಬಿಸಾಕ್ತೀಯೇನವ್ವಾ?"

ನಾವೆಲ್ಲ ಸುಮ್ಮನಾದೆವು. ಅದು ಅವರ ಮನೆಯ ಮಾತು. ಅಕ್ಕ ತಗಡಿನ ಬೋರ್ಡನ್ನು ಸೆರಗಿನಿಂದ ಒರೆಸುತ್ತಾ ಕೂತಿದ್ದರು.

"ಬಿಸಾಕಂಗಿಲ್ಲಪ್ಪ. ಅದ್ಕೂ ಎರಡು ತೂತು ಹಾಕ್ತೀನಿ. ನಂದ್ರ ಕೆಳಗ ಕಟ್ತೀನಿ."

"ಕೆಳಗಾ?"

"ಮನಿ ಪತ್ರ ಯಾರ ಹೆಸರಿಗೈತಿ? ಓದ್ತೀನಿ ಕೇಳ್ತೀಯೇನು?"

ಟ್ರಂಕು ತೆಗೆದರು. ಹಕ್ಕುಪತ್ರ ಬಿಡಿಸಿದರು. ಬೆರಳಿಟ್ಟು ಓದಿದರು. ಎರಡು ಕಡೆ ತಡವರಿಸಿದರು, ನಾನು ಹೇಳಿಕೊಡಲಿಲ್ಲ. ಮಗ ಪೂರ್ತಿ ಕೇಳಿದ. ಆಮೇಲೆ ಏನೂ ಅನ್ನದೆ ಎದ್ದು ಹೋಗಿ ಸುತ್ತಿಗೆ ತಂದ.

ತಗಡಿಗೆ ತೂತು ಹಾಕಲು ಡ್ರಿಲ್ ಬೇಡ. ಕೆಳಗೆ ಮರದ ತುಂಡಿಟ್ಟು ಮೊಳೆಯಿಂದ ಒಂದು ಪೆಟ್ಟು ಹಾಕಿದರೆ ಸಾಕು. ಹಿಂದೆ ಎದ್ದ ಅಂಚನ್ನು ಬಡಿದು ಸಮ ಮಾಡಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಮರದ ಹಲಗೆಯ ಕೆಳಗಿನ ಎರಡು ಮೂಲೆಗೆ ಇನ್ನೆರಡು ಕೊಂಡಿ ಹಾಕಿ, ಮೂರು ಮೂರು ಉಂಗುರದಲ್ಲಿ ತಗಡಿನ ಬೋರ್ಡು ಕಟ್ಟಿದೆವು. ಈಗ ಮೇಲಿನ ಸರಪಳಿ ಎರಡರ ಭಾರವನ್ನೂ ಹೊರಬೇಕು. ನೀರಿನ ಬಿಂದಿಗೆ ಹೊತ್ತ ಸರಪಳಿ ಅದು, ಹೊರುತ್ತದೆ.

ಆಮೇಲೆ ಅಕ್ಕ ಬ್ಯಾಂಕಿಗೆ ಹೋಗಿ ಕಾರ್ಡಿಗೆ ಮತ್ತೆ ಅರ್ಜಿ ಕೊಟ್ಟರು. ಅರ್ಜಿಯಲ್ಲಿ ಮನೆ ನಂಬರು, ಅಡ್ಡರಸ್ತೆ, ಪಿನ್ ಕೋಡು ತಾವೇ ತುಂಬಿದರು. ಕಾರ್ಡು ಬಂದ ದಿನ ಅವರು ಮನೆಯಲ್ಲೇ ಇದ್ದರು. ಅಂಚೆಯವರು ಸೈಕಲ್ಲು ನಿಲ್ಲಿಸಿ, ತಲೆ ಎತ್ತಿ ಹಲಗೆ ಓದಿ, ಆ ಹೆಸರು ಹಿಡಿದು ಕೂಗಿದರಂತೆ.

"ಒಳಗ ಅಕ್ಕಿ ಆರಿಸ್ತಿದ್ದೆ ಅಕ್ಕೋರೆ" ಅಂದರು. "ಯಾರನ್ನೋ ಕರೀತಾರ ಅಂತ ಸುಮ್ನ ಕೂತಿದ್ದೆ. ಎರಡನೇ ಸಲ ಕೂಗಿದ ಮ್ಯಾಲೆ ತಿಳೀತು, ನನ್ನನ್ನೇ ಅಂತ."

ಓದಿ, ಮಾಡಿ

ನಿಮ್ಮ ಓಣಿಯ ಐದು ಮಂದಿ ಹೆಂಗಸರ ಹೆಸರು ಕೇಳಿ ಬರೆಯಿರಿ. ಇಂಥವರ ತಾಯಿ, ಇಂಥವರ ಹೆಂಡತಿ ಅಂತ ಬರೆಯಬೇಡಿ.

ನಿಮ್ಮ ಹೆಸರಿನಲ್ಲಿ ಒತ್ತಕ್ಷರ ಇದೆಯೇ? ಎಷ್ಟು?

ಒಂದು ಹಲಗೆ 14 ಇಂಚು ಉದ್ದ ಇದೆ. ಎರಡೂ ಬದಿಯಲ್ಲಿ 2 ಇಂಚು ಬಿಡಬೇಕು. ಹೆಸರಿನಲ್ಲಿ ಐದು ಅಕ್ಷರ. ಒಂದೊಂದು ಅಕ್ಷರಕ್ಕೆ ಎಷ್ಟು ಇಂಚು ಜಾಗ?

ನಿಮ್ಮ ಮನೆಯ ಪೂರ್ತಿ ವಿಳಾಸವನ್ನು ಪಿನ್ ಕೋಡ್ ಸಮೇತ ಬರೆಯಿರಿ. ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಇರಲಿ.